ಮಗ್ಗ ನಿಂತಾಗ ಓಣಿಗೆಲ್ಲ ಕೇಳಿದ ಮಾತು

ಬನಹಟ್ಟಿಯ ನಮ್ಮ ಮನೆಯಲ್ಲಿ ಮುಂದಿನ ಪಡಸಾಲೆ ನಾಲ್ಕು ಪಾವರ್‌ಲೂಮ್‌ಗಳದ್ದು, ಹಿಂದಿನ ಎರಡು ಕೋಣೆ ನಮ್ಮದು. ಮೂವತ್ತು ವರ್ಷ ಆ ಸದ್ದಿನೊಳಗೇ ಸಂಸಾರ ಮಾಡಿದವರು ಮೆಲ್ಲಗೆ ಮಾತಾಡುವುದನ್ನು ಎಲ್ಲಿಂದ ಕಲಿಯಬೇಕು? ಉಪ್ಪು ಕೇಳಬೇಕಾದರೂ ಒದರಬೇಕು. ನಮ್ಮ ಯಜಮಾನರಿಗಂತೂ ಕಿವಿ ಮಂದವಾಗಿ ಎಷ್ಟೋ ಕಾಲವಾಯಿತು. ಓಣಿಯಲ್ಲೂ ಮನೆಮನೆಗೆ ಮಗ್ಗ. ಯಾರ ಜಗಳವೂ ಯಾರಿಗೂ ಕೇಳುತ್ತಿರಲಿಲ್ಲ. ಅದೂ ಶಿವನ ಒಂದು ಕೃಪೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಕೊರೋನಾ ಬಂದ ವರ್ಷ ಮಗ್ಗಗಳು ನಿಂತವು. ಮುಧೋಳದಲ್ಲಿ ಔಷಧದ ಅಂಗಡಿ ಇಟ್ಟ ನನ್ನ ತಮ್ಮನಿಗೆ ಉಣ್ಣಲೂ ಪುರುಸೊತ್ತಿರಲಿಲ್ಲ. ಜಮಖಂಡಿಯಲ್ಲಿ ಮದುವೆಯ ಅಡುಗೆ ಹಿಡಿಯುವ ಭಾವನ ಹಂಡೆಗಳು ಬೋರಲು ಬಿದ್ದಿದ್ದವು. ಮದುವೆ ಇಲ್ಲದಿದ್ದರೆ ಅಡುಗೆ ಇಲ್ಲ, ಬಾಜಾ ಇಲ್ಲ, ಸೀರೆಯೂ ಇಲ್ಲ. ನಮಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ವ್ಯಾಪಾರಿ, “ಹಿಂದಿನ ಸೀರಿ ಗಂಟ ಇನ್ನೂ ಬಿಚ್ಚಿಲ್ಲ, ಮತ್ತ ತಂದು ಎಲ್ಲಿ ಇಡಲಿ ಹೇಳ್ರಿ?” ಎಂದು ಫೋನಿನಲ್ಲೇ ಕೈ ಎತ್ತಿದ.

ಕೆಲವು ತಿಂಗಳು ಹಾಗೆಯೇ ಕಳೆದವು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಯಜಮಾನರು ಹೇಳಿದರು, “ನಾಕೂ ಮಗ್ಗ ಗುಜರಿಗೆ ಹಾಕಿಬಿಡ್ತೇನಿ. ನಿನ್ನ ತಮ್ಮನ ಅಂಗಡ್ಯಾಗ ಪೆಟಗಿ ಎತ್ತಾಕ ಹೋಗ್ತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ನಾಕೂ ಹೋದ್ರ ಮುಂದ ಏನ ನೇಯ್ತೀರಿ?”

“ಏನಂದಿ?”

“ನಾಕೂ ಮಾರಬ್ಯಾಡ್ರಿ ಅಂದೆ!”

ಗುಟ್ಟಿನ ಮಾತನ್ನು ಇಬ್ಬರೂ ಮಗ್ಗ ಓಡುವಾಗಿನ ದನಿಯಲ್ಲೇ ಆಡಿದ್ದೆವು. ಎದುರು ಮನೆಯವಳ ಕೈಯಿಂದ ತಾಟು ಬಿದ್ದ ಸದ್ದು ನಮ್ಮ ತನಕ ಕೇಳಿದಾಗಲೇ ಮಗ್ಗ ನಿಂತಿವೆ ಎಂಬುದು ನೆನಪಾಯಿತು.

ಸ್ವಲ್ಪ ಹೊತ್ತಿಗೆ ಆಯಿ ಬಂದಳು. ಮೂರು ಮನೆಯಾಚೆಯ ಮುದುಕಿ. ನಮ್ಮ ಮಗ್ಗಗಳ ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುವವಳು. ನಾಲ್ಕೂ ಮಗ್ಗ ಹೋದರೆ ಅವಳ ಅನ್ನವೂ ಹೋಯಿತು. ಊಟಕ್ಕೆ ಕೂತಾಗ ನನಗೆ ಇದು ಹೊಳೆದೇ ಇರಲಿಲ್ಲ ಎನ್ನಲು ಇಂದಿಗೂ ನಾಚಿಕೆ.

ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಹೊಸ್ತಿಲ ಹೊರಗೇ ನಿಂತಳು. “ಯವ್ವಾ, ಮಗ್ಗ ಮಾರ್ತೀರಂತ?”

“ಯಾರ ಹೇಳಿದ್ರ, ಆಯೀ?”

“ನೀವ ಹೇಳಿದ್ರೆಲ್ಲ. ತೇರದಾಳದ ತನಕಾ ಕೇಳಿರಬೇಕ.”

ಅವಳು ಅಳಲಿಲ್ಲ, ಕೈಕಾಲು ಹಿಡಿಯಲಿಲ್ಲ. ಯಜಮಾನರ ಕಡೆ ತಿರುಗಿದಳು. “ತಮ್ಮಾ, ಮಾರೂದ ಇದ್ರ ಗ್ವಾಡಿ ಕಡೀವ ಎರಡು ಮಾರ. ಮೊದಲಿಂದಾನೂ ಅವು ನೂಲು ಹರೀತಾವ. ಬಾಗಿಲ ಕಡೀವ ಎರಡು ಇಟ್ಕೋ. ನಿನಗೊಂದು ತುತ್ತು, ನನಗರ್ಧ ತುತ್ತು ಆಗ್ಲಿ.”

“ಏನಂತಾಳ?” ಎಂದು ಅವರು ನನ್ನ ಮುಖ ನೋಡಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಬಾಗಿಲು ಬಾಗಿಲಿನಿಂದ ಕೂಗು ಬಂತು. “ಎರಡ ಇಟ್ಕೋ ಅಂತಾಳ್ರೀ ಮಾಮಾ!”

“ನನ್ನ ಮಗ್ಗಕ್ಕ ಊರ ಮಂದಿ ಎಲ್ಲಾ ಪಂಚರೇನ?” ಎಂದು ಗದರಿ ಅವರು ಎದ್ದು ಒಳಗೆ ಹೋದರು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯಿತು.

ಎರಡು ದಿನ ಅವರು ಊಟಕ್ಕೂ ಒಬ್ಬರೇ ಕೂತರು. ನಾನು ಪೂಜೆಗೆ ಕೂತಾಗ ಮಗ್ಗ ಓಡಿಸು ಎಂದು ಬೇಡಲಿಲ್ಲ. ಜಗತ್ತೇ ನಿಂತಾಗ ನನ್ನದೊಂದನ್ನೇ ಓಡಿಸು ಎನ್ನುವುದು ಹೇಗೆ? ಇವರ ಮನಸ್ಸು ಸ್ವಲ್ಪ ಮೆತ್ತಗಾಗಲಿ ಎಂದಷ್ಟೇ ಬೇಡಿಕೊಂಡೆ.

ಮೂರನೆಯ ದಿನ ಗುಜರಿಯವನು ಬಂದ. ಯಜಮಾನರು ಗೋಡೆ ಕಡೆಯ ಎರಡು ಮಗ್ಗಗಳಿಗೆ ಬೆರಳು ತೋರಿಸಿ ಹೊರಗೆ ನಡೆದರು. ನಾನು ಎರಡಕ್ಕೂ ವಿಭೂತಿ ಹಚ್ಚಿದೆ.

“ಅಕ್ಕಾರ, ವಿಭೂತಿ ಹಚ್ಚಿದ್ರ ತೂಕ ಹೆಚ್ಚಾಗೂದಿಲ್ರಿ,” ಎಂದು ಅವನು ನಕ್ಕ.

“ಗೊತ್ತೈತಿ ತಮ್ಮಾ. ನೀ ಸುತ್ತಿಗಿ ಮೆಲ್ಲಕ ಹಾಕ.”

ಅವನು ಮೆಲ್ಲಗೆ ಹಾಕಲಿಲ್ಲ. ಸಂಜೆಯ ಹೊತ್ತಿಗೆ ಕಬ್ಬಿಣ ಬೇರೆ, ಕಟ್ಟಿಗೆ ಬೇರೆಯಾಗಿ ಗಾಡಿ ಏರಿದವು. ಗೋಡೆಯ ಬುಡದಲ್ಲಿ ಎಣ್ಣೆಯ ಕಲೆ ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಮತ್ತೆ ನೂಲು ಬರಲು ಬಹಳ ದಿನ ಹಿಡಿಯಿತು. ಬಂದ ದಿನ ಆಯಿ ಬೆಳಿಗ್ಗೆಯೇ ಬಂದು ಕಂಡಿಕೆ ಸುತ್ತಲು ಕೂತಳು. ಮೊದಲಾದರೆ ದೀಪ ಹಚ್ಚುವ ತನಕ ಕೂರುತ್ತಿದ್ದವಳ ಕೆಲಸ ಅಂದು ಮಧ್ಯಾಹ್ನಕ್ಕೇ ಮುಗಿಯಿತು. ಖಾಲಿಯಾದ ನೂಲಿನ ಬುಟ್ಟಿಯನ್ನು ಒಮ್ಮೆ ನೋಡಿ, “ಇಷ್ಟ ಏನ, ಯವ್ವಾ?” ಎಂದಳು.

“ಇಷ್ಟ, ಆಯೀ.”

ಎರಡು ಮಗ್ಗವಾದರೂ ಉಳಿದವೆಂದು ನಾನು ದಿನಾ ಶಿವನಿಗೆ ಕೈ ಮುಗಿಯುತ್ತೇನೆ. ಆದರೆ ಅವಳು ಬೇಡಿದ್ದು ಅರ್ಧ ತುತ್ತು, ನಾವು ಕೊಟ್ಟದ್ದೂ ಅಷ್ಟೇ. ಅಂದು ಅವಳನ್ನು ಊಟಕ್ಕೆ ಕೂರಿಸಿ, ಬುಟ್ಟಿಯಲ್ಲಿದ್ದ ರೊಟ್ಟಿಯೆಲ್ಲ ತಾಟಿಗೆ ಹಾಕಿದೆ. ಒಂದನ್ನು ತಿಂದಳು. ಉಳಿದದ್ದನ್ನು ನನ್ನ ಮುಖ ನೋಡದೆ ಸೆರಗಿಗೆ ಕಟ್ಟಿಕೊಂಡು, ಬಿಸಿಲಲ್ಲೇ ಎದ್ದು ಮನೆಗೆ ಹೋದಳು.