ಗಂಡನ ಸಹಿಗೆ ಜಾಗ ಇಲ್ಲ

ಭಾಲ್ಕಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಲ್ಲರ ಪಗಾರ ಹಾಕುವ ಕೆಲಸ ನನ್ನದು. ಹೊಸ ಸಾಫ್ಟ್‌ವೇರಿನಲ್ಲಿ ಒಬ್ಬರ ಪಗಾರವನ್ನು ಎರಡು ಖಾತೆಗೆ ಒಡೆದು ಹಾಕಬಹುದು ಎಂದು ನೋಟಿಸ್ ಅಂಟಿಸಿದ್ದೆ. ಮೊದಲು ಬಂದವಳು ಖಟಕ ಚಿಂಚೋಳಿಯಿಂದ ದಿನಾ ಬಸ್ಸಿಗೆ ಬರುವ ಆಯಾ ನಾಗಮ್ಮ.

"ಅರ್ಧ ನನ್ನ ಪೋಸ್ಟಿನ ಖಾತಿಗಿ ಹಾಕ್ರಿ ಮೇಡಂ. ಬ್ಯಾಂಕಿನ ಕಾರ್ಡ್ ಗಂಡನ ಕಿಸ್ಯಾಗ ಇರ್ತದರಿ."

ಪಕ್ಕದ ಟೇಬಲಿನ ಮ್ಯಾನೇಜರ್ ತಲೆ ಎತ್ತಿದರು. "ಗಂಡನ ಸಹಿ ಮೊದಲ ತಗೊಂಡು ಬಾ. ನಾಳಿ ಅಂವ ಬಂದು ಜಗಳ ತೆಗದ್ರ ಯಾರು ನೋಡೋರು?"

ನಾಗಮ್ಮ ಕದಲಲಿಲ್ಲ. "ಹೋದ ವಾರ ಅಂವ ಎಂಟು ಕುರಿ ಮಾರ್ಯಾನ್ರಿ ಸಾಹೇಬ್ರ. ಅವಕ್ಕ ಮೇವು ಹಾಕಿ ಬೆಳೆಸಿದಾಕಿ ನಾನು. ಕುರಿ ತಗೊಂಡವರು ನನ್ನ ಸಹಿ ಕೇಳಲಿಲ್ರಿ."

"ಅದು ಬ್ಯಾರೆ, ಇದು ಬ್ಯಾರೆ," ಅಂದರು ಸಾಹೇಬರು.

ನನಗೆ ತಡೆಯಲಾಗಲಿಲ್ಲ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. "ಇದರಾಗ ನೌಕರರ ಒಪ್ಪಿಗಿ ಅಂತ ಒಂದೇ ಅದರಿ ಸರ್. ಗಂಡನ ಒಪ್ಪಿಗಿ ಅಂತ ಎಲ್ಲಿ ಬರದದ, ತೋರಸ್ರಿ."

ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನು ಗುಂಡಿ ಒತ್ತಿ ಮುಗಿಸಿದ್ದೆ.

ಮೂರನೇ ತಿಂಗಳು, ಆಫೀಸಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಸಾಹೇಬರೇ ನನ್ನ ಟೇಬಲಿಗೆ ಬಂದರು. ತಮ್ಮ ಪಗಾರವನ್ನೂ ಹಾಗೆ ಎರಡು ಮಾಡಲು ಬರುತ್ತದೇನು ಎಂದು ಮೆಲ್ಲಗೆ ಕೇಳಿದರು.

"ಬರ್ತದರಿ ಸರ್," ಅಂದೆ. "ನಿಮ್ಮ ಮನಿಯವರ ಸಹಿ ತಂದೀರೇನ್ರಿ?"