ಒಂಬತ್ತನೇ ನಂಬರಿನ ಅಟ್ಟದ ಭತ್ತ

ಒಂಬತ್ತನೇ ನಂಬರಿನ ಕೋಣೆಯಲ್ಲಿ ದೆವ್ವ ಇರಲಿಲ್ಲ. ಇದ್ದದ್ದು ಹೆಗ್ಗಣ, ಮತ್ತು ನಾನು ಕದ್ದಿಟ್ಟ ಭತ್ತ. ಟಿವಿಯಲ್ಲಿ ನಾಲ್ಕು ಕಂತುಗಳಲ್ಲಿ ಬಂದ ಆ ಲಾಡ್ಜಿನ ಕಥೆ ನೋಡಿ ಹೆದರಿದವರು, ಅದಕ್ಕೂ ಮೊದಲು ಕಾದಂಬರಿ ಓದಿ ಹೆದರಿದವರು, ಎಲ್ಲರಿಗೂ ಇದನ್ನು ಹೇಳಬೇಕಾಗಿದೆ. ಆ ದೆವ್ವವನ್ನು ಹುಟ್ಟಿಸಿದವರು ಕಾದಂಬರಿ ಬರೆದವರಲ್ಲ — ನಾನು. ನಾನು ದೆವ್ವ ಮಾಡಿದ ಹೆಂಗಸು ಆಗಲೂ ಬದುಕಿದ್ದಳು, ಈಗಲೂ ಬದುಕಿದ್ದಾಳೆ.

ನನ್ನ ಹೆಸರು ಶರಣಪ್ಪ. ಸಿಂಧನೂರಿನ ಒಂದು ಹಳೆಯ ಲಾಡ್ಜಿನಲ್ಲಿ ಬಹಳ ವರ್ಷ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಅನ್ನುವುದು ದೊಡ್ಡ ಮಾತು. ಕೀಲಿಕೈ ಗೊಂಚಲು, ಒಂದು ರಿಜಿಸ್ಟರು, ಒಂದು ಕಾಲು ಅಲುಗಾಡುವ ಕುರ್ಚಿ — ಇಷ್ಟೇ ನನ್ನ ಸಂಸ್ಥಾನ. ಸುಗ್ಗಿ ಬಂತೆಂದರೆ ಭತ್ತ ಕೊಳ್ಳುವ ವ್ಯಾಪಾರಿಗಳು ಬಂದು ತಿಂಗಳುಗಟ್ಟಲೆ ಇಳಿದುಕೊಳ್ಳುತ್ತಿದ್ದರು. ಊರೂರು ತಿರುಗಿ ಚೀಲದಿಂದ ಒಂದೊಂದು ಹಿಡಿ ಸ್ಯಾಂಪಲ್ ತೆಗೆದು ಪೊಟ್ಟಣ ಕಟ್ಟಿ ತರುವರು. ಅಂಗೈಯಲ್ಲಿ ತಿಕ್ಕಿ, ಊದಿ, ಕಾಳು ಕಡಿದು ನೋಡಿ, ದರದ ಮಾತು ಮುಗಿದ ಮೇಲೆ ಆ ಪೊಟ್ಟಣಗಳು ಮಂಚದ ಕೆಳಗೇ ಉಳಿಯುತ್ತಿದ್ದವು. ಹಾಗೆ ಉಳಿದ ಭತ್ತವೆಲ್ಲ ಲಾಡ್ಜಿನ ಹಾಸಿಗೆಬಟ್ಟೆ ಒಗೆಯುವವಳಿಗೆ ಸೇರಬೇಕು ಎನ್ನುವುದು ನಮ್ಮಲ್ಲಿಯ ರೂಢಿ. ಮಾಲೀಕರ ತಂದೆಯ ಕಾಲದಿಂದಲೂ ಹಾಗೇ ನಡೆದುಬಂದಿತ್ತು.

ಒಗೆಯುತ್ತಿದ್ದವಳು ಹುಸೇನಬಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಕಾಲುವೆಯ ಮೆಟ್ಟಿಲ ಮೇಲೆ ಅವಳು ಚಾದರ ಹಿಂಡಿದರೆ ಅದರಲ್ಲಿ ಒಂದು ಹನಿ ನೀರು ಉಳಿಯುತ್ತಿರಲಿಲ್ಲ. ಅಕ್ಕ ಎಂದು ಕರೆಯುತ್ತಲೇ ನಾನು ಅವಳ ಪಾಲಿನ ಅರ್ಧ ಭತ್ತವನ್ನು ಒಂಬತ್ತನೇ ನಂಬರಿನ ಹಲಗೆಯ ಅಟ್ಟದ ಮೇಲೆ ಸೇರಿಸುತ್ತಿದ್ದೆ, ಸುಗ್ಗಿ ಮುಗಿದ ಮೇಲೆ ಮನೆಗೆ ಒಯ್ಯುತ್ತಿದ್ದೆ. ಮನೆಯಲ್ಲಿ ಅಕ್ಕಿ ಇರಲಿಲ್ಲವೆಂದಲ್ಲ. ಸಿಗುತ್ತಿತ್ತು, ತೆಗೆದುಕೊಂಡೆ — ಅಷ್ಟೆ.

ಒಂದು ವರ್ಷ ಸುಗ್ಗಿಯ ನಡುವೆ ಹುಸೇನಬಿ ಇದ್ದಕ್ಕಿದ್ದಂತೆ ಕಾಣದಾದಳು. ಲಿಂಗಸುಗೂರಿನಲ್ಲಿದ್ದ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಸುದ್ದಿ ಬಂದ ಕೂಡಲೇ ಸಿಕ್ಕ ಬಸ್ಸು ಹತ್ತಿ ಹೋಗಿದ್ದಳು. ಅದು ನಮಗೆ ಆಮೇಲೆ ತಿಳಿದದ್ದು. ನಾಲ್ಕು ದಿನ ಬಿಟ್ಟು ಅವಳ ತಂಗಿ ರಾಜಬಿ ಗೊರೇಬಾಳದಿಂದ ಗಾಬರಿಯಾಗಿ ಬಂದು, ನಮ್ಮ ಆಪಾ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅತ್ತು ಹೋದಳು.

ಮರುದಿನವೇ ಅದು ಆದದ್ದು. ಒಂಬತ್ತನೇ ನಂಬರಿನಲ್ಲಿ ಮಸ್ಕಿಯ ಹೈಸ್ಕೂಲಿನ ಒಬ್ಬ ಮಾಸ್ತರರು ಯಾವುದೋ ತರಬೇತಿಗೆ ಬಂದು ಇಳಿದಿದ್ದರು. ಕಥೆ ಬರೆಯುವ ಹವ್ಯಾಸದವರು. ಊಟ ಮಾಡಿ ಮಲಗಿದ್ದವರು ನಡುಮಧ್ಯಾಹ್ನ ಕೆಳಗಿಳಿದು ಬಂದರು. ಅಟ್ಟದ ಮೇಲೆ ಯಾರೋ ಓಡಾಡುತ್ತಿದ್ದಾರೆ, ಏನೋ ಎಳೆಯುತ್ತಿದ್ದಾರೆ, ಏಣಿ ತರಿಸಿ ನೋಡೋಣ ಎಂದರು. ಎಳೆಯುತ್ತಿದ್ದದ್ದು ಹೆಗ್ಗಣ, ಎಳೆಸಿಕೊಳ್ಳುತ್ತಿದ್ದದ್ದು ನನ್ನ ಚೀಲ. ಏಣಿ ಹಾಕಿದರೆ ಅದು ಎಲ್ಲರಿಗೂ ಕಾಣುತ್ತಿತ್ತು. ಮಾಲೀಕರು ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರು. ಅವರಿಗೆ ಕೇಳದಂತೆ ಮಾಸ್ತರರ ಹತ್ತಿರ ಹೋಗಿ ಪಿಸುಗುಟ್ಟಿದೆ —

“ಏಣಿ ಬ್ಯಾಡ್ರಿ ಸರ. ಇಲ್ಲಿ ಬಟ್ಟಿ ಒಗಿಯಾಕಿ ಒಬ್ಬಾಕಿ ಇದ್ಲು. ಕಾಲುವ್ಯಾಗ ಬಿದ್ದು ಹೋಗ್ಯಾಳ.”

ಎಲ್ಲಿಂದ ಬಂತು ಆ ಮಾತು? ಇಂದಿಗೂ ನನಗೆ ತಿಳಿದಿಲ್ಲ. ರಾಜಬಿಯ ಅಳು ಕಿವಿಯಲ್ಲಿ ಇನ್ನೂ ಹಸಿಯಾಗಿತ್ತೋ ಏನೋ... ಮಾಸ್ತರರು ಏಣಿ ಕೇಳಲಿಲ್ಲ, ಇನ್ನಷ್ಟು ಕೇಳಿದರು. ಬಳೆ ಎಂಥವು, ಮಾತು ಹೇಗಿತ್ತು, ಯಾಕೆ ಹೋದಳು. ನಾನು ಹೇಳುತ್ತಾ ಹೋದೆ. ಒಬ್ಬ ಓದಿದ ಮನುಷ್ಯ ನನ್ನ ಮಾತನ್ನು ಬಾಯಿಬಿಟ್ಟುಕೊಂಡು ಕೇಳಿದ್ದು ಅದೇ ಮೊದಲು. ಖುಷಿಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಖುಷಿಯೇ.

ಮಾತು ಲಾಡ್ಜಿನಿಂದ ಚಹಾದಂಗಡಿಗೆ, ಅಲ್ಲಿಂದ ಕಾಲುವೆಯ ಮೆಟ್ಟಿಲಿಗೆ ಹೋಯಿತು. ನಲವತ್ತು ದಿನ ಕಳೆದು ಹುಸೇನಬಿ ಗಟ್ಟಿಮುಟ್ಟಾಗಿ ತಿರುಗಿ ಬಂದಾಗ, ಜೊತೆಯಲ್ಲಿ ಒಗೆಯುತ್ತಿದ್ದ ಹೆಂಗಸರು ಬಟ್ಟೆ ಎತ್ತಿಕೊಂಡು ಸರಿದರು. ಹೋದದ್ದೇ ತಿರುಗಿ ಬಂದಿದೆ ಎಂದು ಕೆಲವರು, ಹೋಗಲು ನೋಡಿ ಉಳಿದಳು ಎಂದು ಕೆಲವರು. ನಗಬೇಕಾದ ಮಾತು. ಆದರೆ ದಿನಾಲೂ ಒಬ್ಬಳೇ ಒಂದು ಮೂಲೆಯಲ್ಲಿ ಒಗೆಯಬೇಕಾದವಳು ಎಷ್ಟು ದಿನ ನಕ್ಕಾಳು? ಒಂದು ದಿನ ನೇರ ನನ್ನ ಕುರ್ಚಿಯ ಮುಂದೆ ಬಂದು, ನಾನು ಸತ್ತೆ ಅಂತ ಯಾರು ಹಬ್ಬಿಸಿದರು ಎಂದು ಕೇಳಿದಳು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ.

“ನಿನ್ ತಂಗಿ ಬಂದಿದ್ಲು ನೋಡಕ್ಕ. ಅಕಿನೇ ಅಂದ್ಲು.”

ರಾಜಬಿ ಬಂದದ್ದು ನಿಜ. ಅದೊಂದು ನಿಜದ ಜೊತೆ ನನ್ನ ಸುಳ್ಳು ಸಲೀಸಾಗಿ ನಡೆದುಬಿಟ್ಟಿತು. ಹುಸೇನಬಿ ವಾರದೊಳಗೆ ಸಾಮಾನು ಕಟ್ಟಿಕೊಂಡು ಮಗಳ ಊರಿಗೆ ಹೋದಳು. ಮಾಸ್ತರರ ಕಾದಂಬರಿ ಅಚ್ಚಾಯಿತು. ಅದರಲ್ಲಿ ಹೆಗ್ಗಣದ ನಡುಮಧ್ಯಾಹ್ನ ಹೋಗಿ ನಡುರಾತ್ರಿ ಬಂದಿತ್ತು, ನಮ್ಮ ಮುರುಕು ಲಾಡ್ಜು ದೊಡ್ಡ ಹೋಟೆಲ್ಲಾಗಿತ್ತು. ನನಗೆ ಒಂದು ಪ್ರತಿ ಕೊಟ್ಟರು. ಅಲಮಾರಿಯಲ್ಲಿ ಬಟ್ಟೆಯ ಹಿಂದೆ ಇಟ್ಟೆ. ಇಪ್ಪತ್ತು ವರ್ಷದ ಮೇಲಾಯಿತು.

ಹೋದ ವರ್ಷ ಟಿವಿಯವರು ಬಂದರು. ಮಾಸ್ತರರು ತೀರಿಹೋಗಿದ್ದರಿಂದ ನನ್ನನ್ನು ಹುಡುಕಿಕೊಂಡು ಬಂದರು. ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು, ಸರ್, ಆಕೆ ನಿಜವಾಗಿ ಹೇಗೆ ಸತ್ತದ್ದು ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಈ ವಯಸ್ಸಿನಲ್ಲಿ ಮತ್ತೊಮ್ಮೆ ಯಾರೋ ಬಾಯಿಬಿಟ್ಟುಕೊಂಡು ಕೇಳುವವರು ಸಿಕ್ಕಿದ್ದರು — ನಾನು ಮತ್ತೆ ಜಾರಿದೆ. ಅಕ್ಕ ತಂಗಿಯರಿಗೆ ಮಾತಿರಲಿಲ್ಲ ಎಂದೆ. ಅದು ನಾನೇ ಮುರಿದ ಮಾತು ಎನ್ನುವುದೊಂದನ್ನು ಬಿಟ್ಟೆ.

ಮೂರನೇ ಕಂತನ್ನು ಹೆಂಡತಿ ನೀಲಮ್ಮನ ಜೊತೆ ಕುಳಿತು ನೋಡಿದೆ. ತೆರೆಯ ಮೇಲೆ ತಂಗಿ ಅಕ್ಕನನ್ನು ಕಾಲುವೆಗೆ ನೂಕಿದಳು. ಕೊನೆಗೆ ಅಕ್ಷರ ಬಂದವು: ಸಿಂಧನೂರಿನಲ್ಲಿ ನಡೆದ ನಿಜ ಘಟನೆ ಆಧಾರಿತ. ನೀಲಮ್ಮ, ಹಾಗಾದರೆ ಗೊರೇಬಾಳದ ರಾಜಬಿ ಇಂಥವಳೇನು, ಹುಸೇನಬಿ ಊರು ಬಿಟ್ಟದ್ದು ಇದಕ್ಕೇ ಏನು ಎಂದಳು. ಇನ್ನೂ ಒಂದು ಕಂತು ಬಾಕಿ ಇತ್ತು. ಅದು ಬರುವುದರೊಳಗೆ ಊರೆಲ್ಲ ಇದನ್ನೇ ಕೇಳುತ್ತದೆ, ರಾಜಬಿ ಬಾವಿಕಟ್ಟೆಗೆ ಬಂದರೆ ಹೆಂಗಸರು ಸರಿದು ನಿಲ್ಲುತ್ತಾರೆ, ಹಿಂದೆ ಹುಸೇನಬಿಗೆ ಆದಹಾಗೇ... ಅಂದು ಮೊದಲು ನೀಲಮ್ಮನ ಮುಂದೆ ಎಲ್ಲ ಹೇಳಿದೆ. ಅವಳು ಲಿಂಗಸುಗೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಹುಸೇನಬಿ ಮಗಳ ಮನೆಯ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾ ಕುಳಿತಿದ್ದಳು. ಗುರುತು ಹಿಡಿದಳು. ಮೊಮ್ಮಕ್ಕಳ ಜೊತೆ ಅವಳೂ ಟಿವಿ ನೋಡಿದ್ದಳು. ಅದರಲ್ಲಿಯ ನಟಿಗೆ ಬಟ್ಟೆ ಹಿಂಡಲು ಬರುವುದಿಲ್ಲ ಎಂದು ನಕ್ಕಳು. ನಾನು ನಗಲಿಲ್ಲ. ನಿಂತೇ, ಅಟ್ಟದ ಭತ್ತದಿಂದ ಶುರುಮಾಡಿದೆ.

“ಅಟ್ಟದ ಮ್ಯಾಗಿನ ನೆಲ್ಲಿಂದು ನನಗ ಗೊತ್ತಿತ್ತು ಶರಣಪ್ಪ,” ಎಂದಳು ಸೂಜಿ ನಿಲ್ಲಿಸದೆ. “ಒಂಬತ್ತನೇ ನಂಬರಿನ ಚಾದರ ಝಾಡಿಸಿದ್ರ ಹೊಟ್ಟು ಉದುರ್ತಿತ್ತು. ಹೋಗ್ಲಿ, ಮಕ್ಕಳುಳ್ಳಾವ, ತಿನ್ಲಿ ಅಂತ ಸುಮ್ಮಿದ್ದೆ.”

ಅವಳು ಬಿಟ್ಟುಕೊಟ್ಟದ್ದನ್ನು ಮುಚ್ಚಿಡಲು ನಾನು ಅವಳನ್ನೇ ಕೊಂದಿದ್ದೆ. ಉಳಿದದ್ದನ್ನೂ ಹೇಳಿದೆ. ಕಾಲುವೆಯ ಮಾತಿಗೂ ಸೂಜಿ ನಡೆದೇ ಇತ್ತು. ತಂಗಿಯ ಹೆಸರಿಗೆ ನಿಂತಿತು.

“ರಾಜಬಿ ಅಂದಿಲ್ಲ?”

ಇಲ್ಲ ಅಕ್ಕ, ನಾನೇ ಅಂದದ್ದು ಎಂದೆ.

“ಮಗಳ ಶಾದಿಗೆ ಕರಿಯಾಕ ಬಂದಿದ್ಲು ಅಕಿ,” ಎಂದಳು. ಧ್ವನಿ ಬಹಳ ಸಣ್ಣಗಿತ್ತು. “ಹೊರಗ ನಿಂತು ಕರದ್ಲು, ಕರದ್ಲು. ನಾ ಬಾಗಲಾ ತೆಗಿಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಕೌದಿ ಮಡಚಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಎದ್ದಳು. ಇದನ್ನು ನನ್ನ ಮುಂದೆ ಹೇಳಿದರೆ ಆಗುವುದಿಲ್ಲ, ಅವಳ ಮುಂದೆ ಹೇಳು ನಡಿ ಎಂದಳು. ಮಸ್ಕಿ ದಾಟಿ ಬಸ್ಸು ಸಿಂಧನೂರಿನ ಕಡೆ ಹೊರಟಿತು. ಹಾದಿಯುದ್ದಕ್ಕೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು, ನಾನು ಎರಡು ಸೀಟು ಹಿಂದೆ ಕುಳಿತಿದ್ದೆ.

ಗೊರೇಬಾಳದಲ್ಲಿ ರಾಜಬಿ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಕ್ಕ ಅಂಗಳದ ಆಚೆಯೇ ನಿಂತಳು. ನಾನು ಮುಂದೆ ಹೋಗಿ, ನೆರೆಯವರು ಕೇಳುತ್ತಿದ್ದಂತೆಯೇ, ಎಲ್ಲವನ್ನೂ ಹೇಳಿದೆ. ರಾಜಬಿ ನನ್ನ ಕಡೆ ನೋಡಲೇ ಇಲ್ಲ. ಮೊರ ಕೆಳಗಿಟ್ಟು ಅಕ್ಕನನ್ನೇ ನೋಡಿದಳು. ಅವರಿಬ್ಬರ ನಡುವೆ ನಡೆಯುವುದು ದಖನಿ ಉರ್ದು. ಆದರೆ ಅವಳು ಅಂದದ್ದು ಕನ್ನಡದಲ್ಲಿ. ನನಗೂ ಕೇಳಲಿ ಎಂದೇ ಇರಬೇಕು.

“ನಮ್ ಮನಿ ಬಾಗಲಾ ತೆಗದೇ ಐತಿ, ಆಪಾ.”

ನಾಲ್ಕನೇ ಕಂತನ್ನು ನನ್ನನ್ನೂ ಕೂರಿಸಿಕೊಂಡೇ ಇಬ್ಬರೂ ನೋಡಿದರು. ಅದು ಹುಸೇನಬಿ ವಿಧಿಸಿದ ಶಿಕ್ಷೆ. ನೂಕುವ ದೃಶ್ಯ ಮತ್ತೆ ಬಂದಾಗ, ನೋಡಬೇ ಎಷ್ಟು ಜೋರಾಗಿ ನೂಕೀಯ ಎಂದು ತಂಗಿಯ ತೊಡೆ ಚಿವುಟಿದಳು. ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ನನ್ನ ಎದೆಯ ಮೇಲಿಂದ ಒಂದು ಚೀಲ ಇಳಿದಂತಾಯಿತು. ಅಂದಿನಿಂದ ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತದೆ. ಈ ನೆಮ್ಮದಿಗೆ ನಾನು ಯೋಗ್ಯನಲ್ಲ ಎಂದು ಗೊತ್ತಿದ್ದೂ ಬರುತ್ತದೆ.

ಹೊರಡುವಾಗ ಹುಸೇನಬಿ ಒಂದೇ ಮಾತು ಹೇಳಿದಳು. ಎಷ್ಟು ಮಂದಿಗೆ ಸುಳ್ಳು ಹೇಳಿದ್ದೀಯೋ ಅಷ್ಟೂ ಮಂದಿಗೆ ನಿಜ ಹೇಳು. ಹಾಗಾಗಿ ಟಿವಿಯವರಿಗೆ ಪತ್ರ ಬರೆದೆ, ಉತ್ತರ ಬಂದಿಲ್ಲ. ಹಾಗಾಗಿ ಇದನ್ನೂ ಬರೆಯುತ್ತಿದ್ದೇನೆ. ಮಾಸ್ತರರಿಗೆ ಮಾತ್ರ ಇನ್ನು ಹೇಳಲಾಗುವುದಿಲ್ಲ. ಅವರ ಹೆಂಡತಿ ಪಾಮನಕಲ್ಲೂರಿನಲ್ಲಿದ್ದಾರೆ, ನಾಳೆ ಅಲ್ಲಿಗೆ ಹೋಗುತ್ತೇನೆ. ಅವರೂ ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಹೇಳಿ ಬರುತ್ತೇನೆ.