ಬ್ಯಾಡ ಅನ್ನದೆ ಕುಡಿದ ಕಾಫಿ

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬ್ಯಾಡ ಅನ್ನಬೇಕು. ಚಹಾ ಮಾಡಲೇನು ಅಂದರೆ, ಬ್ಯಾಡ್ರಿ, ಈಗ ಕುಡಿದೇ ಬಂದೆ. ಅವರು ಒತ್ತಾಯ ಮಾಡಬೇಕು, ನಾವು ಮತ್ತೆ ಬ್ಯಾಡ ಅನ್ನಬೇಕು. ಕೊನೆಗೆ ಅರ್ಧ ಕಪ್ ಹಾಕ್ರಿ ಅಂತ ನಾವು ಸೋಲಬೇಕು, ಅವರು ತುಂಬಿ ತುಳುಕುವಷ್ಟು ಹಾಕಬೇಕು. ಒಂದೇ ಸಲಕ್ಕೆ ಹೂಂ ಅಂದವಳನ್ನು, ಪಾಪ, ಹಸಿದು ಬಂದಿದ್ದಳು ಅಂತ ಆಡಿಕೊಳ್ಳುತ್ತಾರೆ. ಸಂತಪುರದ ತವರಿನಲ್ಲಿ ಇದನ್ನು ಕಲಿತೆ, ಭಾಲ್ಕಿಯ ಗಂಡನ ಮನೆಯಲ್ಲಿ ಪಳಗಿದೆ. ಬ್ಯಾಡ ಅನ್ನುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲೇ ಇರಲಿಲ್ಲ.

ಅದೇ ನನ್ನ ಕುತ್ತಿಗೆಗೆ ಬಂತು, ಅದೂ ಮಗಳ ಮದುವೆ ಮಾತಿನ ಹೊತ್ತಿಗೆ.

ಮಗಳು ಔರಾದಿನ ದನದ ದವಾಖಾನೆಯಲ್ಲಿ ನೌಕರಿ ಮಾಡುತ್ತಾಳೆ. ಎಂಥ ಸೊಕ್ಕಿನ ದೇವಣಿ ತಳಿಯ ಹೋರಿಯಾದರೂ ಅವಳು ಹಗ್ಗ ಹಿಡಿದರೆ ಸುಮ್ಮನೆ ನಿಲ್ಲುತ್ತದೆ. ಕಷ್ಟದ ಹೆರಿಗೆಯಲ್ಲಿ ಕರು ಉಳಿಸಿ ಬಂದ ದಿನ ಅವಳ ಮುಖ ನೋಡಬೇಕು, ಊಟವೇ ಬೇಡವಾಗಿರುತ್ತದೆ. ಆಗ ಅವಳ ಮೇಲೆ ನನಗೆ ಎಷ್ಟು ಅಭಿಮಾನ ಅಂದರೆ, ಹೇಳಿದರೆ ದೃಷ್ಟಿಯಾದೀತು ಅಂತ ಬೈದುಬಿಡುತ್ತೇನೆ.

ಹುಡುಗನ ಮನೆ ಬೀದರದ ಮೈಲೂರು ಬಡಾವಣೆಯಲ್ಲಿ. ಹುಡುಗ ಹುಡುಗಿ ಒಪ್ಪಿದ್ದರು, ಹಿರಿಯರ ಮಾತು ಬಾಕಿ ಇತ್ತು. ಹುಡುಗನ ತಾಯಿ ಜರ್ಬಿನ ಹೆಂಗಸು, ಠೀವಿಯೇ ಠೀವಿ. ಹೊರಗೆ ಕೂತು ಆರಾಮಾಗಿ ಮಾತಾಡೋಣ ಅಂತ ಬೀದರದ ಒಂದು ಹೊಸ ಕಾಫಿ ಅಂಗಡಿಗೆ ಕರೆದರು. ಹೊರಡುವಾಗ ಮಗಳು ನನ್ನ ಕೈ ಹಿಡಿದಳು.

"ಅವ್ವಾ, ಮದಿವಿ ಆದಮ್ಯಾಲೂ ನಾ ನೌಕರಿ ಬಿಡಂಗಿಲ್ಲ. ಹುಡುಗ ಹೂಂ ಅಂದಾನ. ಅವರ ಅವ್ವಗ ನೀನೇ ಹೇಳಬೇಕು. ನಾ ಹೇಳಿದ್ರ ಬಾಯಿ ಜೋರು ಅಂತಾರ."

"ಹೇಳ್ತೇನಿ ತಗೊ," ಅಂದೆ. ಅದೇನು ದೊಡ್ಡ ಕೆಲಸ ಅನ್ನುವ ಹಾಗೆ.

ಅಂಗಡಿಯ ಬಾಗಿಲಲ್ಲೇ ನನ್ನ ಗಂಡನೂ ಹುಡುಗನ ತಂದೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದುರಿನ ಹೋಟೆಲಿಗೆ ಖಡಕ್ ಚಹಾ ಕುಡಿಯಲು ಪರಾರಿಯಾದರು. ಹುಡುಗ ಹುಡುಗಿ ಮೇಜು ಹಿಡಿಯಲು ಹೋದರು. ಕೌಂಟರಿನ ಮುಂದೆ ಉಳಿದದ್ದು ನಾನು ಮತ್ತು ಆ ತಾಯಿ. ಅವರು ಬೋರ್ಡಿನ ಕಡೆ ನೋಡದೆ ಕ್ಯಾಪುಚಿನೊ ಅಂದರು. "ಇವರಿಗೂ ಒಂದು ಕಾಫಿ ಕೊಡ್ರಿ," ಅಂತ ಹೇಳಿ ಮೇಜಿಗೆ ನಡೆದರು.

ಕೌಂಟರಿನಲ್ಲಿದ್ದ ಹುಡುಗಿ ನನ್ನನ್ನು ಕೇಳಿದಳು. "ಆಂಟಿ, ಹಾಲು ಬೇಕೇನ್ರಿ?"

"ಬ್ಯಾಡ್ರಿ."

"ಸಕ್ಕರಿ?"

"ಅಯ್ಯ, ಬ್ಯಾಡ್ರಿ."

"ದೊಡ್ಡ ಕಪ್ಪಾ?"

"ಸಣ್ಣದೇ ಸಾಕ್ರಿ."

ಈಗ ಒತ್ತಾಯ ಮಾಡುತ್ತಾಳೆ ಅಂತ ಕಾದೆ. ಅವಳು ಒತ್ತಾಯ ಮಾಡಲಿಲ್ಲ. ನಾನು ಹೇಳಿದ್ದನ್ನೇ ಕೊಟ್ಟಳು. ಗುಬ್ಬಿ ನೀರು ಕುಡಿಯುವಷ್ಟು ಸಣ್ಣ ಕಪ್, ಅದರ ತಳದಲ್ಲಿ ಕರ್ರಗೆ ಎರಡು ಗುಟುಕು ಕಾಫಿ. ಮೇಜಿಗೆ ತಂದು ಬಾಯಿಗಿಟ್ಟೆ, ಬೇವಿನ ಕಷಾಯ ಇದಕ್ಕಿಂತ ವಾಸಿ. ಮುಖ ಕಿವುಚಿದರೆ ಮರ್ಯಾದೆ ಹೋಗುತ್ತದೆ ಅಂತ ಒಂದೇ ಸಲಕ್ಕೆ ನುಂಗಿದೆ.

"ಎಸ್ಪ್ರೆಸ್ಸೊ ಕುಡೀತೀರೇನ್ರಿ ನೀವು!" ಅಂತ ಹುಡುಗನ ತಾಯಿ ನಕ್ಕರು. ನಾನು ಉಸಿರು ಬಿಡುವುದರೊಳಗೆ ಅವರ ಮುಂದಿನ ಮಾತು ಬಂದೇಬಿಟ್ಟಿತು. "ಮದಿವಿ ಆದಮ್ಯಾಲ ಆ ದನದ ದವಾಖಾನಿ ಯಾಕ ಬೇಕ್ರಿ? ಮನ್ಯಾಗ ಏನು ಕಮ್ಮಿ ಅದ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ತುಂಬಾ ಕಹಿ. ನಾಲಿಗೆ ರೂಢಿಯಂತೆ ತಿರುಗಿತು: "ನೋಡೂಣು ತಗೋರಿ."

ಭಾಲ್ಕಿ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಆ ಹೆಂಗಸಿನ ಮೇಲೆ ಬಂತು, ಆಮೇಲೆ ಕೌಂಟರಿನ ಹುಡುಗಿಯ ಮೇಲೆ. ಊರು ಹತ್ತಿರ ಬರುವಾಗ ಯೋಚಿಸಿದೆ: ಆ ಹುಡುಗಿ ಏನು ತಪ್ಪು ಮಾಡಿದಳು? ಏನು ಬೇಕು ಅಂತ ಕೇಳಿದಳು, ನಾನು ಹೇಳಲಿಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಕಾಫಿ ಅಂಗಡಿಯವರು ಕೊಡುತ್ತಾರೆಯೇ? ಹುಡುಗನ ತಾಯಿಯಾದರೂ ನನ್ನ ಮನಸ್ಸಿನೊಳಗೆ ಇಣುಕಿ ನೋಡಲು ಬರುತ್ತಾರೆಯೇ?

ಮತ್ತೊಮ್ಮೆ ಭೇಟಿಯಾಗಿ ಮಾತು ಮುಗಿಸೋಣ ಅಂತ ಅವರಿಂದ ಫೋನ್ ಬಂತು. ಜಾಗ ಅದೇ. ಸರಿ ಅಂದೆ. ಅದಕ್ಕೂ ಮೊದಲು ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಒಬ್ಬಳೇ ಬೀದರಕ್ಕೆ ಹೋದೆ. ಅಂಗಡಿ ಖಾಲಿ ಇತ್ತು. ಅದೇ ಹುಡುಗಿ ಇದ್ದಳು. ಮನೆಯಲ್ಲಿ ದಖ್ಖನಿ ಉರ್ದು ಆಡುವವಳು, ಕನ್ನಡಕ್ಕೂ ಅದರ ಸವಿ ಹತ್ತಿತ್ತು.

"ಬೇಟಿ, ಈ ಬೋರ್ಡಿನ ಮ್ಯಾಲ ಇರೋದೆಲ್ಲಾ ಏನು, ಬಿಡಿಸಿ ಹೇಳು," ಅಂದೆ.

"ಆವ್ ಆಂಟಿ, ಬೈಠೋ," ಅಂತ ಮಷೀನಿನ ಹತ್ತಿರ ಕರೆದು, ಸ್ಟೂಲಿನ ಮೇಲೆ ಕೂರಿಸಿ ತೋರಿಸಿದಳು. ಅಂದು ನಾನು ಕುಡಿದದ್ದೇ ಎಲ್ಲದರ ತಾಯಿಯಂತೆ. ಅದರ ಒಂದು ಅಳತೆಗೆ ಶಾಟ್ ಅನ್ನುತ್ತಾರೆ. ಅದಕ್ಕೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಹಾಲು ಧಾರಾಳವಾಗಿ ಹೊಯ್ದರೆ ಲಾಟೆ. ಹಾಲಿನ ಮೇಲೆ ದಪ್ಪ ನೊರೆ ನಿಲ್ಲಿಸಿದರೆ ಕ್ಯಾಪುಚಿನೊ. ಬರೀ ಒಂದು ಬೊಟ್ಟಿನಷ್ಟು ನೊರೆ ಇಟ್ಟರೆ ಮಕಿಯಾಟೊ. ಇಷ್ಟೇನಾ ಅನ್ನಿಸಿತು. ಜೋಳದ ಹಿಟ್ಟು ಒಂದೇ, ಬಡಿದರೆ ರೊಟ್ಟಿ, ನೀರು ಹೆಚ್ಚು ಮಾಡಿ ಕುದಿಸಿದರೆ ಅಂಬಲಿ. ಇದಕ್ಕೆ ನಾನು ಹೆದರಿದ್ದೆನಲ್ಲ!

"ನಿಮಗ ಹ್ಯಾಂಗ ಬೇಕು, ಅದು ಹೇಳ್ರಿ ಆಂಟಿ," ಅಂದಳು.

ಯಾರೂ ನನ್ನನ್ನು ಹಾಗೆ ಕೇಳಿದ್ದು ನೆನಪಿಲ್ಲ. ಬೋರ್ಡನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದೆ. ಆಮೇಲೆ ಹೇಳಿದೆ: "ಖಡಕ್ ಇರಬೇಕು. ಹಾಲು ಇರಬೇಕು, ಆದ್ರ ಕಾಫಿ ಮುಳುಗಬಾರದು. ನೊರಿ ತೆಳ್ಳಗ ಇರಲಿ. ಕಪ್ ಭಾಳ ದೊಡ್ಡದು ಬ್ಯಾಡ."

ಹುಡುಗಿ ಕೈ ತಟ್ಟಿದಳು. "ಅದಕ್ಕ ಹೆಸರದ ಆಂಟಿ. ಫ್ಲಾಟ್ ವೈಟ್ ಅಂತಾರ."

ನನಗೆ ಬೇಕಾದದ್ದಕ್ಕೆ ಮೊದಲೇ ಒಂದು ಹೆಸರಿತ್ತು, ನಾನು ಬಾಯಿ ಬಿಡುವುದಷ್ಟೇ ಬಾಕಿ. ಆ ಕಾಫಿ ಕುಡಿದು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಊರೆಲ್ಲ ನನ್ನದೇ ಅನ್ನಿಸುತ್ತಿತ್ತು.

ಎರಡನೆಯ ಭೇಟಿಗೆ ಗಂಡಸರನ್ನು ಕರೆಯಲೇ ಇಲ್ಲ. ಹುಡುಗನ ತಾಯಿ, ನಾನು, ಮಗಳು. ಕೌಂಟರಿನ ಹುಡುಗಿ ನನ್ನನ್ನು ನೋಡಿ ತುಟಿಯಲ್ಲೇ ನಕ್ಕಳು.

"ನನಗೊಂದು ಫ್ಲಾಟ್ ವೈಟ್ ಕೊಡವ್ವಾ, ಭಾಳ ಬಿಸಿ ಇರಲಿ. ಮಗಳಿಗೆ ಲಾಟೆ. ಸಕ್ಕರಿ ಬ್ಯಾರೆ ಕೊಡು," ಅಂದೆ. ಮಗಳು ಬಾಯಿ ತೆರೆದು ನನ್ನನ್ನೇ ನೋಡಿದಳು. ಹುಡುಗನ ತಾಯಿ ಒಂದು ಗಳಿಗೆ ತಡೆದು, "ನನಗೂ ನೀವು ಹೇಳಿದ್ದೇ ಇರಲಿರಿ," ಅಂದರು.

ಕೂತೆವು. ಕಾಫಿ ಬಂತು. ಒಂದು ಗುಟುಕು ಕುಡಿದೆ. ಅದೇ ದನಿಯಲ್ಲಿ, ಕಾಫಿ ಹೇಳಿದಷ್ಟೇ ಸಲೀಸಾಗಿ ಹೇಳಿದೆ.

"ಅಕ್ಕಾರ, ನನ್ನ ಮಗಳು ನೌಕರಿ ಬಿಡಂಗಿಲ್ರಿ. ಬೀದರದಿಂದ ಸಂತಪುರದ ಮ್ಯಾಲ ಹಾದು ಔರಾದಿಗೆ ಬಸ್ ಅವ, ದಿನಾ ಹೋಗಿ ಬರ್ತಾಳ. ಇದಕ್ಕ ಒಪ್ಪಿದ್ರ ನಮಗ ಭಾಳ ಖುಷಿ. ಒಪ್ಪಲಿಲ್ಲ ಅಂದ್ರ ಕಾಫಿ ಕುಡಿದು ನಗನಗತಾ ಎದ್ದು ಹೋಗೂಣು."

ಹೇಳಿ ಮುಗಿಸಿ ಇನ್ನೊಂದು ಗುಟುಕು ಕುಡಿದೆ.

ಅವರು ಕಪ್ ಕೆಳಗಿಟ್ಟರು. "ಸೆಗಣ್ಯಾಗ ಕೈ ಇಟ್ಟು ಬಂದಾಕಿ ಅಡಗಿ ಮನಿಗೆ ಬರ್ತಾಳೇನ್ರಿ?"

"ಕೈ ತೊಳಕೊಂಡು ಬರ್ತಾಳ್ರಿ. ನಾವು ನೀವು ಸೆಗಣಿ ಸಾರಿಸಿದ ಮನ್ಯಾಗೇ ಹುಟ್ಟೀವಲ್ಲರಿ."

ಹುಡುಗನ ತಾಯಿಯ ಮುಖ ಬಿಗಿಯಾಯಿತು, ಆಮೇಲೆ ಎಲ್ಲಿಂದಲೋ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೇ ಅದರಿ. ನಮ್ಮ ತವರು ಹಲಬರ್ಗಾ ಹಳ್ಳಿ. ನಾನೂ ದನದ ಬಾಲ ಹಿಡಕೊಂಡೇ ಬೆಳೆದಾಕಿ. ನೀವು ಅವತ್ತೇ ಹೀಂಗ ಹೇಳಿದ್ರ ಆಗ್ತಿತ್ತಲ್ಲ? ನೋಡೂಣು ಅಂದ್ರಿ, ನಿಮಗೂ ಆ ನೌಕರಿ ಮನಸ್ಸಿಲ್ಲ ಅಂತ ತಿಳಕೊಂಡೆ."

ನಮ್ಮ ಸೀಮೆಯಲ್ಲಿ ಸಂಬಂಧ ಕುದುರಿತೆಂದರೆ ಗಂಡಿನ ಕಡೆಯವರು ಹೆಣ್ಣಿನ ಉಡಿಗೆ ಸಕ್ಕರೆಯ ಪೊಟ್ಟಣ ಹಾಕುತ್ತಾರೆ. ಅದಕ್ಕೆ ಸಕ್ಕರಿ ಪುಡಾ ಅನ್ನುತ್ತೇವೆ. ಆ ತಾಯಿ ಎದ್ದರು. ಕೌಂಟರಿನ ಹುಡುಗಿ ಬೇರೆಯಾಗಿ ಕೊಟ್ಟಿದ್ದ ಆ ಬೆರಳುದ್ದದ ಕಾಗದದ ಸಕ್ಕರೆ ಪೊಟ್ಟಣವನ್ನು ತಟ್ಟೆಯಿಂದ ಎತ್ತಿ ನನ್ನ ಮಗಳ ಸೆರಗಿಗೆ ಹಾಕಿದರು.

"ದೊಡ್ಡ ಪುಡಾ ಆಮ್ಯಾಲ ಮನೀಗೆ ತರ್ತೇವಿ. ಸದ್ಯಕ್ಕ ಇದು," ಅಂದರು.

ಮಗಳು ಆ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಹೆಗಲಿಗೆ ಮುಖ ಒರಗಿಸಿದಳು. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದೊಂದು ಕಾಫಿ ಹೇಳಲೇನ್ರಿ, ಬೀಗರ?" ಅಂತ ಅವರು ಕೇಳಿದರು.

"ಹೇಳ್ರಿ," ಅಂದೆ, ಒಂದೇ ಸಲಕ್ಕೆ.